ಹೆಸರೂ ಬೇಕು, ಕಾಲವೂ ಬೇಕು

ಮಾತು ನಡೆದದ್ದು ಬಿದ್ರಿಯಲ್ಲಿ. ಕೊಲ್ಹಾಪುರದಿಂದ ಗಾರ್ಗೋಟಿಗೆ ಹೋಗುವ ದಾರಿಯಲ್ಲಿ, ಕಾಗಲ್ ತಾಲೂಕಿನಲ್ಲಿರುವ ಈ ಊರು ದೂಧಗಂಗಾ-ವೇದಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆಯಿಂದಾಗಿ ಸುತ್ತಲಿನವರಿಗೆಲ್ಲ ಪರಿಚಿತ. ಮಾತಾಡಿದವರು ಇಬ್ಬರು. ಒಬ್ಬರು ಗಡಹಿಂಗ್ಲಜ ಕಡೆಯ ಕನ್ನಡ ಮನೆಯವರು. ಸಕ್ಕರೆ, ಕಾಕಂಬಿ, ಸ್ಪಿರಿಟ್ಟಿನ ಕೆಲಸದಲ್ಲೇ ತಲೆ ನೆರೆತವರು. ಇನ್ನೊಬ್ಬಳು ಅವರ ಅಣ್ಣನ ಮಗಳು. ಹುದುಗಿನ ಶಾಸ್ತ್ರ ಓದಿ, ಜಪಾನಿನ ದಕ್ಷಿಣ ಭಾಗದಲ್ಲಿ ಕೆಲಸ ಮಾಡಿ ಬಂದವಳು.

ಕಾಕಾ: ನೀ ಹೇಳಿದ ಆ ಜಪಾನಿ ಬಾಟಲಿ ಲೆಕ್ಕ ನನಗ ಹತ್ತವಲ್ದು. ಹಳೇ ಪ್ಲಮ್ ವೈನ್, ಅದಕ್ಕ ಹಳೇ ಶೋಚು ಕೂಡಿಸಿದ್ದು, ಭಾಳ ತುಟ್ಟಿದು ಅಂದಿ. ವೈನ್ ಅಂದ್ರ ಹಣ್ಣಿನ ರಸ ಹುದುಗಿಸಿದ್ದು. ಶೋಚು ಅಂದ್ರ ಭಟ್ಟಿ ಇಳಿಸಿದ್ದು. ಎರಡೂ ಯಾಕ ಕೂಡಸ್ತಾರ?

ಮಗಳು: ಅಂಗಡಿಯವರು ಪ್ಲಮ್ ವೈನ್ ಅಂತಾರ್ರಿ ಕಾಕಾ, ಆದ್ರ ಅದು ವೈನ್ ಅಲ್ಲ. ಅಲ್ಲಿ ಹಣ್ಣು ಹುದುಗಂಗೇ ಇಲ್ಲ. ಅದಕ್ಕ ಉಮೆಶು ಅಂತಾರ. ಉಮೆ ಅನ್ನೋದು ನಮ್ಮ ಜರ್ದಾಳು ಜಾತಿಗೆ ಹತ್ತಿರದ ಕಾಯಿ. ಜೂನ್ ತಿಂಗಳದಾಗ, ಮಳಿ ಹಿಡಿಯೋ ಹೊತ್ತಿಗೆ, ಅದು ಇನ್ನೂ ಹಸರ ಇರುವಾಗ ಕಿತ್ತು, ತೊಟ್ಟು ತಗದು, ತೊಳದು, ಒಣಗಿಸಿ ಗಾಜಿನ ಭರಣ್ಯಾಗ ಹಾಕತಾರ. ಒಂದು ಕಿಲೋ ಕಾಯಿಗೆ ಅರ್ಧ ಕಿಲೋದಿಂದ ಒಂದು ಕಿಲೋ ಕಲ್ಲುಸಕ್ಕರಿ. ಮ್ಯಾಲೆ 1.8 ಲೀಟರ್ ಬಿಳೇ ಶೋಚು, ಅದರ ಶಕ್ತಿ ನೂರಕ್ಕ 35. ಬಾಯಿ ಬಿಗದು ಕತ್ತಲ್ಯಾಗ ಇಟ್ರ ಆತು. ಆರು ತಿಂಗಳಿಗೆ ಕುಡಿಯಾಕ ಬರತೈತಿ, ವರ್ಷ ಆದ್ರ ರುಚಿ ಕೂಡತೈತಿ.

ಕಾಕಾ: ಅಂದ್ರ ಶೋಚು ಮೊದಲಿಂದಾನೂ ಅದರೊಳಗ ಇರೋದ. ಆಮ್ಯಾಲೆ ಹೊರಗಿಂದ ಬಂದದ್ದಲ್ಲ.

ಮಗಳು: ಹೌದ್ರಿ. ಉಮೆಶುವಿನ ಬುನಾದೀನ ಶೋಚು.

ಕಾಕಾ: ಕಲ್ಲುಸಕ್ಕರಿ ಯಾಕ? ಪುಡಿ ಸಕ್ಕರಿ ಹಾಕಿದ್ರ ಲಗು ಕರಗತೈತಲ್ಲ.

ಮಗಳು: ಲಗು ಕರಗಬಾರದು ಅಂತನ ಕಲ್ಲುಸಕ್ಕರಿ. ಮೊದಲ ಮದ್ಯ ಕಾಯಿಯೊಳಗ ಇಳೀಬೇಕು, ಅಲ್ಲಿರೋ ವಾಸನಿ ಹಿಡೀಬೇಕು. ಆಮ್ಯಾಲೆ ಸಕ್ಕರಿ ಮೆಲ್ಲಕ ಕರಗಿಕೋತ ಹೊರಗಿನ ದ್ರವ ದಪ್ಪ ಆದಂಗ, ಒಳಗಿನ ರಸ ಹೊರಗ ಬರತೈತಿ. ಸಕ್ಕರಿ ಒಮ್ಮೆಲೆ ಕರಗಿದ್ರ ಕಾಯಿ ಗಪ್ಪನ ಸುಕ್ಕಾಗತೈತಿ, ರಸಾ ಪೂರಾ ಬಿಡಂಗಿಲ್ಲ. ಬ್ಯಾಸಗಿ ಕಡೀಗೆ ನಮ್ಮ ಮನ್ಯಾಗ ಮಾವಿನಕಾಯಿ ಗುಳಂಬಾ ಮಾಡೋವಾಗ ಅವ್ವ ಬೆಲ್ಲಾ ಹಾಕಿ ಹೋಳು ಬಿಡತಾಳಲ್ಲ, ಆ ಕೆಲಸಾನ ಇದು, ಬೆಂಕಿ ಇಲ್ದ, ವರ್ಷಗಟ್ಟಲೆ.

ಕಾಕಾ: 35ರ ಶಕ್ತಿ ಯಾಕ ಬೇಕಂತ ನನಗ ತಿಳೀತು. ಕಾಯಿಯೊಳಗಿನ ನೀರು ಬಿಟ್ಟ ಮ್ಯಾಲೆ ಶಕ್ತಿ ಇಳಿತೈತಿ. ಮೊದಲ ಕಡಿಮಿ ಇದ್ರ, ಆಮ್ಯಾಲೆ ಹುದುಗು ಏಳತೈತಿ, ಬೂಷ್ಟು ಹತ್ತತೈತಿ. ಆದ್ರ ಮನ್ಯಾಗ ಮದ್ಯ ಮಾಡಾಕ ಸರಕಾರ ಬಿಡತೈತೇನು?

ಮಗಳು: ಅಲ್ಲೂ ಬಿಡತಿರಲಿಲ್ರಿ. ಮಂದಿ ಮನ್ಯಾಗ ಹಿಂದಿಂದನೂ ಮಾಡತಿದ್ರು, ಕಾನೂನು ಮಾತ್ರ ಬ್ಯಾಡ ಅಂತಿತ್ತು. 1962ರಾಗ ಮದ್ಯ ತೆರಿಗಿ ಕಾಯದೆ ತಿದ್ದಿ ಹಾದಿ ಮಾಡಿಕೊಟ್ರು. ಕಟ್ಟುಪಾಡು ಮಾತ್ರ ಬಿಗಿ. ತೆರಿಗಿ ಕಟ್ಟಿದ ಮದ್ಯನ ತರಬೇಕು, ಅದರ ಶಕ್ತಿ 20ಕ್ಕಿಂತ ಕಡಿಮಿ ಇರಬಾರದು. ಅದರಾಗ ಅಕ್ಕಿ, ಕೋಜಿ, ದ್ರಾಕ್ಷಿ ಹಾಕಬಾರದು, ಯಾಕಂದ್ರ ಅವು ಮತ್ತ ಹುದುಗತಾವ. ಮನಿ ಮಂದಿಗಷ್ಟ, ಮಾರಂಗಿಲ್ಲ. ಭಟ್ಟಿ ಇಳಿಸೋ ಮಾತಂತೂ ಇಲ್ಲೇ ಇಲ್ಲ. ಅಂದ್ರ ಕಾನೂನು ಮನಿ ಪದ್ಧತಿನೂ ಉಳಿಸಿತು, ಅಪಾಯದ ಬಾಗಿಲಾನೂ ಮುಚ್ಚಿತು. ಇಂಥ ಜಾಣತನ ಕಾನೂನಿನ್ಯಾಗ ಅಪರೂಪ ನೋಡ್ರಿ.

ಕಾಕಾ: ಈಗ ಶೋಚು ಬಗ್ಗೆ ಹೇಳು. ನಾ ಕಂಡಿದ್ದು ನಮ್ಮ ಕಾಲಮ್ಮು. ಕೆಳಗ ಉಗಿ, ಮ್ಯಾಲೆ ಸ್ಪಿರಿಟು. ಯಾವ ಕಬ್ಬು, ಯಾವ ಹೊಲ, ಯಾವುದೂ ಅದರಾಗ ಉಳಿಯಂಗಿಲ್ಲ. ಉಳೀಬಾರದು ಅಂತನ ನಾವು ದುಡೀತಿದ್ವಿ.

ಮಗಳು: ಅವರ ಕಡೇನೂ ಅಂಥದ್ದೊಂದು ಐತ್ರಿ. ಕಾಲಮ್ಮಿನ್ಯಾಗ ಎಡಬಿಡದ ಇಳಿಸಿದ್ದು, ಅದರ ಶಕ್ತಿ 36ಕ್ಕಿಂತ ಕೆಳಗ ಇರಬೇಕು. ಮನ್ಯಾಗ ಉಮೆಶು ಹಾಕಾಕ ಬಳಸೋ ಬಿಳೇ ಶೋಚು ಅದ. ಇನ್ನೊಂದು ಹೊಂಕಾಕು, ಅಂದ್ರ ಅಸಲ, ಶೋಚು. ಅದನ್ನ ಹಂಡೆ ಭಟ್ಟ್ಯಾಗ ಒಂದ ಸಲ ಇಳಸತಾರ, ಶಕ್ತಿ 45 ದಾಟಂಗಿಲ್ಲ. ಒಂದ ಸಲ ಇಳಿಸಿದ್ದಕ್ಕ ಬೆಳೀ ವಾಸನಿ ಅದರಾಗ ಉಳಕೋತೈತಿ. ಕಾಗೋಶಿಮಾದಾಗ ಗೆಣಸು, ಕುಮಾ ಕಣಿವ್ಯಾಗ ಅಕ್ಕಿ, ಇಕಿ ದ್ವೀಪದಾಗ ಬಾರ್ಲಿ. ಇಕಿ, ಕುಮಾ, ಓಕಿನಾವಾದ ರ್ಯೂಕ್ಯೂ ಈ ಮೂರೂ ಹೆಸರಿಗೆ 1995ರಾಗ, ಕಾಗೋಶಿಮಾದ ಸಾತ್ಸುಮಾ ಹೆಸರಿಗೆ 2005ರಾಗ ಭೌಗೋಳಿಕ ಗುರುತು ಸಿಕ್ಕಿತು. ಬ್ಯಾರೆ ಕಡೆ ಮಾಡಿ ಆ ಹೆಸರು ಹಚ್ಚಂಗಿಲ್ಲ.

ಕಾಕಾ: ಅಕ್ಕಿ, ಗೆಣಸು ಇವೆಲ್ಲಾ ಪಿಷ್ಟ. ಪಿಷ್ಟ ಸಕ್ಕರಿ ಆಗದ ಈಸ್ಟು ಅದನ್ನ ಮುಟ್ಟಂಗಿಲ್ಲ. ಬಾರ್ಲಿಗಾದ್ರ ಮೊಳಕಿ ಬರಸ್ತಾರ. ಗೆಣಸಿಗೆ ಏನ್ ಮಾಡತಾರ?

ಮಗಳು: ಕೋಜಿ. ಬೇಯಿಸಿದ ಅಕ್ಕಿ ಮ್ಯಾಲೆ ಬೆಳಸೋ ಒಂದು ಜಾತಿ ಬೂಷ್ಟು. ಪಿಷ್ಟಾ ಒಡದು ಸಕ್ಕರಿ ಮಾಡೋದು ಅದರ ಕೆಲಸ. ಕಾಗೋಶಿಮಾದ ಸೆಕಿ ನಮ್ಮ ಕರಾವಳಿಯಂಥದ್ದು. ಮೊದಲ ಮೊದಲ ಹುದುಗು ಕೆಟ್ಟು ಹೋಗತಿತ್ತು. ಕವಾಚಿ ಗೆನ್‌ಇಚಿರೋ ಅನ್ನೋವರು 1910ರಾಗ ಓಕಿನಾವಾದ ಕರೇ ಕೋಜಿ ಬ್ಯಾರೆ ತಗದು ಬೆಳಸಿದ್ರು. 1924ರಾಗ ಅದರಾಗಿಂದನ ಬಿಳೇ ಕೋಜಿ ಸಿಕ್ಕಿತು. ಈ ಎರಡೂ ಕೋಜಿ ಸಿಟ್ರಿಕ್ ಆಮ್ಲಾ ಬಿಡತಾವ. ಹುದುಗು ಹುಳಿ ಇರತೈತಿ, ಕೆಡಸೋ ಜೀವಿಗಳು ಹತ್ತಿರ ಬರಂಗಿಲ್ಲ. ಭಟ್ಟಿ ಇಳಿಸಿದ ಮ್ಯಾಲೆ ಹುಳಿ ಹಿಂದ ಉಳೀತೈತಿ, ಮದ್ಯ ಸ್ವಚ್ಛ ಬರತೈತಿ. 2024ರ ಡಿಸೆಂಬರಿನ್ಯಾಗ ಯುನೆಸ್ಕೋ ಈ ಕೋಜಿ ವಿದ್ಯಾನ ತನ್ನ ಪರಂಪರೆ ಯಾದ್ಯಾಗ ಸೇರಿಸಿತು. ಅಕ್ಕಿ ಹುದುಗಿಸಿದ ಸಾಕೆ, ಶೋಚು, ಓಕಿನಾವಾದ ಭಟ್ಟಿ ಮದ್ಯ ಅವಾಮೊರಿ ಮೂರೂ ಅದರಾಗ ಅದಾವ.

ಕಾಕಾ: ಭಾಳ ಹಳೇದೇನು ಈ ಶೋಚು?

ಮಗಳು: ಕಾಗೋಶಿಮಾದ ಕೋರಿಯಾಮಾ ಹಾಚಿಮಾನ್ ಗುಡಿಯೊಳಗ 1559ರ ಒಂದು ಬರಹ ಸಿಕ್ಕೈತ್ರಿ. ಗುಡಿ ದುರಸ್ತಿ ಮಾಡಿದ ಬಡಿಗ್ಯಾರು ಕಟ್ಟಿಗಿ ಮ್ಯಾಲೆ ಬರದು ಮುಚ್ಚಿ ಇಟ್ಟಿದ್ರು: ಈ ಗುಡಿ ಹಿರಿಯ ಭಾಳ ಜಿಪುಣ, ಒಮ್ಮೆನೂ ನಮಗ ಶೋಚು ಕುಡಿಸಲಿಲ್ಲ ಅನ್ನೋ ಅರ್ಥದ್ದು. 1954ರಾಗ ಮತ್ತ ದುರಸ್ತಿ ಮಾಡೋವಾಗ ಅದು ಹೊರಗ ಬಂತು. ಶೋಚು ಅನ್ನೋ ಹೆಸರಿಗೆ ಸಿಕ್ಕ ಹಳೇ ಸಾಕ್ಷಿಗಳೊಳಗ ಇದು ಮುಖ್ಯದ್ದು. ದುಡಿಯೋ ಮಂದಿ ದಣಿವಿಗೆ ಕುಡೀತಿದ್ದ ಪೇಯ ಅದು, ದೊಡ್ಡ ಮಂದೀದಲ್ಲ.

ಕಾಕಾ: ಕಬ್ಬಿನಿಂದ ಮಾಡಂಗಿಲ್ಲೇನು?

ಮಗಳು: ಅದನ್ನ ಹೇಳಬೇಕಂತನ ಕುಂತೇನ್ರಿ. ಅಮಾಮಿ ಅಂತ ದ್ವೀಪಗಳು. ಅಮಾಮಿ ಓಶಿಮಾ, ಕಿಕಾಯ್, ತೊಕುನೋಶಿಮಾ, ಓಕಿನೋಎರಾಬು, ಯೋರೋನ್. ಕಾಗೋಶಿಮಾಕ ಸೇರಿದ ನಾಡು, ತುಂಬ ಕಬ್ಬು. ಅಲ್ಲಿ ಕಬ್ಬಿನ ರಸಾ ಕುದಿಸಿ ಗಟ್ಟಿ ಮಾಡಿ ಕರೇ ಸಕ್ಕರಿ ಅಚ್ಚು ಹಾಕತಾರ. ನೀವು ನೋಡಿದ್ರ ಬೆಲ್ಲಾ ಅಂತೀರಿ, ಯಾಕಂದ್ರ ಅದು ಬೆಲ್ಲಾನ. ಅದರಿಂದ ಮಾಡಿದ ಶೋಚುವಿಗೆ ಕೊಕುತೋ ಶೋಚು ಅಂತಾರ.

ಕಾಕಾ: ಬೆಲ್ಲದ ಶೋಚು! ಅಂದ್ರ ರಮ್ ಆತಲ್ಲ ಅದು.

ಮಗಳು: ಬರೇ ಬೆಲ್ಲದ್ದಾದ್ರ ಕಾನೂನಿನ್ಯಾಗ ರಮ್. ಅದಕ್ಕೊಂದು ಕತಿ ಐತಿ. 1609ರಾಗ ಸಾತ್ಸುಮಾ ಸಂಸ್ಥಾನದವರು ಆ ದ್ವೀಪ ಗೆದ್ರು. ಆಮ್ಯಾಲೆ ರೈತರಿಗೆ ಕಬ್ಬ ಬೆಳೀರಿ ಅಂತ ಕಟ್ಟಪ್ಪಣಿ ಮಾಡಿದ್ರು, ಬೆಲ್ಲಾ ಎಲ್ಲಾ ಸಂಸ್ಥಾನದ ಪಾಲು. ಬೆಳದವ್ರಿಗೇ ನೆಕ್ಕಾಕ ಸಿಗದಂಥ ಕಾಲ. ಎರಡನೇ ಮಹಾಯುದ್ಧ ಮುಗದ ಮ್ಯಾಲೆ ದ್ವೀಪ ಅಮೆರಿಕದ ಕೈಯಾಗ ಹೋದ್ವು. ಬೆಲ್ಲಾ ಮುಖ್ಯ ನಾಡಿಗೆ ಸಾಗಸಾಕ ಆಗದ ರಾಶಿ ಬಿತ್ತು, ಅಕ್ಕಿ ತುಟಾಗ್ರ. ಬೆಲ್ಲದಿಂದ ಮದ್ಯ ಇಳಿಸೋ ರೂಢಿ ಬಲಿತು. 1953ರ ಡಿಸೆಂಬರ್ 25ಕ್ಕ ದ್ವೀಪ ಜಪಾನಿಗೆ ತಿರುಗಿ ಬಂದ್ವು. ಆಗ ತೆರಿಗಿ ಕಾಯದೆ ಎದುರ ನಿಂತಿತು. ಬೆಲ್ಲದ ಮದ್ಯ ಅಂದ್ರ ಸ್ಪಿರಿಟ್, ಅದಕ್ಕ ತೆರಿಗಿ ಹೆಚ್ಚು, ಬಡ ದ್ವೀಪದವರು ತಡಕೊಳ್ಳಂಗಿಲ್ಲ. ಸರಕಾರ ಒಂದು ಹಾದಿ ಹುಡುಕಿತು: ಅಕ್ಕಿ ಕೋಜಿ ಹಾಕಿ ಮಾಡಿದ್ರ ಶೋಚು ಅಂತ ಒಪ್ಪತೀವಿ, ಆದ್ರ ಅಮಾಮಿ ದ್ವೀಪದಾಗ ಮಾತ್ರ. ಇವತ್ತಿಗೂ ಜಪಾನಿನ್ಯಾಗ ಬ್ಯಾರೆ ಎಲ್ಲೂ ಕೊಕುತೋ ಶೋಚು ಮಾಡಂಗಿಲ್ಲ.

ಕಾಕಾ: ಹೆಂಗ ಮಾಡತಾರ?

ಮಗಳು: ಮೊದಲ ಅಕ್ಕಿ ಕೋಜಿಗೆ ನೀರು, ಈಸ್ಟ್ ಹಾಕಿ ಒಂದು ಹುದುಗು ಕಟ್ಟತಾರ. ಅದು ಬಲಿತ ಮ್ಯಾಲೆ ಬೆಲ್ಲದ ಅಚ್ಚು ಕರಗಿಸಿ, ಆರಿಸಿ, ಅದರೊಳಗ ಸುರೀತಾರ. ಹುದುಗಿದ ಮ್ಯಾಲೆ ಹಂಡೆ ಭಟ್ಟ್ಯಾಗ ಒಂದ ಸಲ ಇಳಸತಾರ. ಬಂದ ಮದ್ಯದಾಗ ಸಕ್ಕರಿ ಒಂದ ಕಾಳೂ ಇರಂಗಿಲ್ಲ. ಮೂಗಿಗೆ ಮಾತ್ರ ಬೆಲ್ಲಾ ಕುದಿಯೋ ಘಮ ಹತ್ತತೈತಿ. ಆಮ್ಯಾಲೆ ಇಡತಾರ. ಕೆಲವರು ಟಾಕ್ಯಾಗ, ಕೆಲವರು ಮಣ್ಣಿನ ಗಡಗ್ಯಾಗ, ಕೆಲವರು ಓಕ್ ಪೀಪಾಯ್ಯಾಗ.

ಕಾಕಾ: ಇಟ್ಟದ್ದರಿಂದ ಏನ್ ಆಗತೈತಿ ಅನ್ನೋದು ನನಗ ಗೊತ್ತಿಲ್ಲವಾ. ನಮ್ಮ ಸ್ಪಿರಿಟ್ಟಿಗೆ ಇಡೋ ಕಾಲಾನ ಇರಲಿಲ್ಲ. ಟ್ಯಾಂಕರ್ ಬಂತು, ಹೋತು.

ಮಗಳು: ಶೋಚು ಹೊಸದಿದ್ದಾಗ ಗಂಧಕದ ವಾಸನಿ, ಎಣ್ಣಿ ಜಿಡ್ಡು ಇರತಾವ. ಇಟ್ಟಂಗ ಅವು ಹೋಗತಾವ, ನೀರು-ಮದ್ಯ ಒಂದಕ್ಕೊಂದು ಹೊಂದಕೋತಾವ, ನಾಲಿಗಿ ಸುಡೋದು ಕಡಿಮಿ ಆಗತೈತಿ. ಬಹುಕಾಲ ಇಟ್ಟ ಶೋಚು ಅಂತ ಚೀಟಿ ಹಚ್ಚಬೇಕಂದ್ರ ಅದರಾಗ ಅರ್ಧಕ್ಕಿಂತ ಹೆಚ್ಚು ಮೂರು ವರ್ಷ ದಾಟಿರಬೇಕು. ಓಕಿನಾವಾದ ಅವಾಮೊರಿಗೆ ಇನ್ನೂ ಬಿಗಿ: ಕೂಸು ಅಂತ ಬರೀಬೇಕಂದ್ರ 2015ರಿಂದ ಪೂರಾ ಮದ್ಯ ಮೂರು ವರ್ಷದ ಮ್ಯಾಲಿನದ ಇರಬೇಕು. ಉಮೆಶು ಹಳೇದಾಗೋದು ಬ್ಯಾರೆ ಥರಾ. ಕಾಯಿ ಬೀಜದಾಗಿಂದ ಬಾದಾಮಿ ಥರದ ಘಮ ಬರತೈತಿ, ಹುಳಿ ಮೆತ್ತಗ ಆಗತೈತಿ, ಸಕ್ಕರಿ ಮತ್ತ ಅಮೈನೋ ಆಮ್ಲ ಕೂಡಿ ಬಣ್ಣಾ ಜೇನಿನಿಂದ ಕಂದಿಗೆ ತಿರಗತೈತಿ.

ಕಾಕಾ: ಆ ಬಣ್ಣಾ ನಾ ಬಲ್ಲೆ. ಬೆಲ್ಲದ ಕಡಾಯ್ಯಾಗ ಒಂದು ತಾಸಿನ್ಯಾಗ ಆಗೋದು ಅಲ್ಲಿ ವರ್ಷಗಟ್ಟಲೆ ಆಗತೈತಿ. ಈಗ ಕೂಡಸೋ ಮಾತಿಗೆ ಬಾ.

ಮಗಳು: ಹಳೇ ಉಮೆಶು ಬರೇ ಇದ್ರ ಭಾಳ ಸಿಹಿ, ಭಾಳ ದಪ್ಪ. ಎರಡ ಗುಟುಕಿಗೆ ಬಾಯಿ ಕಟ್ಟತೈತಿ. ಹಳೇ ಶೋಚು ಬರೇ ಇದ್ರ ಒಣಾ, ಅದರಾಗ ಹಣ್ಣಿಲ್ಲ. ಎರಡೂ ಬ್ಯಾರೆ ಬ್ಯಾರೆ ಪಕ್ವ ಮಾಡಿ, ಆಮ್ಯಾಲೆ ಅಳತಿ ಹಿಡದು ಕೂಡಿಸಿದ್ರ ಸಿಹಿ ತಗ್ಗತೈತಿ, ಶಕ್ತಿ ಏರತೈತಿ, ಹಣ್ಣಿನ ಘಮದ ಕೆಳಗ ಬಾರ್ಲಿದೋ ಬೆಲ್ಲದ್ದೋ ಘಮ ಬರತೈತಿ. ಯಾವ ವರ್ಷದ್ದು, ಯಾವ ಪೀಪಾಯಿದು, ಎಷ್ಟು ಅನ್ನೋದು ಮೂಗು ಪಳಗಿದವರ ಕೆಲಸ. ಇನ್ನೊಂದು ಹೇಳತೇನ್ರಿ. ಪೀಪಾಯ್ಯಾಗ ಇಟ್ಟ ಶೋಚು ವಿಸ್ಕಿ ಬಣ್ಣಕ್ಕ ಬರಬಾರದು ಅಂತ ಜಪಾನಿನ್ಯಾಗ ಬಣ್ಣಕ್ಕ ಮಿತಿ ಹಾಕ್ಯಾರ, ಅಳತಿ ಯಂತ್ರದಾಗ 0.08 ದಾಟಂಗಿಲ್ಲ. ಹಂಗಾಗಿ ಎಷ್ಟೋ ಒಳ್ಳೇ ಪೀಪಾಯಿ ಶೋಚು ಸೋಸಿ, ತೆಳು ಮಾಡಿ ಮಾರಬೇಕಾಗತೈತಿ. ಉಮೆಶುವಿಗೆ ಆ ಮಿತಿ ಇಲ್ಲ.

ಕಾಕಾ: ಅಂದ್ರ ಆ ತುಟ್ಟಿ ಬಾಟಲ್ಯಾಗ ನಾವು ಕೊಡೋ ರೊಕ್ಕ ವರ್ಷಗಳಿಗೆ.

ಮಗಳು: ವರ್ಷಗಳಿಗೆ, ಮತ್ತ ಮಾತಿಗೆ. ಚೀಟಿ ಮ್ಯಾಲೆ ಬರದದ್ದು ಬಾಟಲ್ಯಾಗ ಇರತೈತಿ ಅನ್ನೋ ಮಾತಿಗೆ. ಸೋವಿ ಉಮೆಶುವಿನ್ಯಾಗ ಕಾಯಿ ಕಡಿಮಿ ಹಾಕಿ, ಹುಳಿ ಪುಡಿ, ವಾಸನಿ, ಬಣ್ಣಾ ಕೂಡಿಸಿ ಮಾಡೋರೂ ಅಲ್ಲಿ ಅದಾರ. ಅದಕ್ಕ 2015ರಾಗ ಅಲ್ಲಿಯ ತಯಾರಕರ ಸಂಘ ಹೊಂಕಾಕು ಉಮೆಶು ಅಂತ ಒಂದು ನಿಯಮ ಮಾಡಿತು. ಉಮೆ, ಸಕ್ಕರಿ, ಮದ್ಯ ಈ ಮೂರ ಇರಬೇಕು, ಹೊರಗಿನ ಹುಳಿ, ವಾಸನಿ, ಬಣ್ಣಾ ಬಿದ್ದಿರಬಾರದು. ಅಂದ್ರನ ಆ ಹೆಸರು. ವಾಕಾಯಾಮಾ ಪ್ರಾಂತದಾಗ ಮಿನಾಬೆ, ತಾನಾಬೆ ಅಂತ ಊರು. ನಾಂಕೋ ಅನ್ನೋ ಉಮೆ ತಳಿಗೆ ಹೆಸರಾದ್ವು. ಗುಡ್ಡದ ಇಳಿಜಾರಿನ್ಯಾಗ ಉಮೆ ತೋಟಾ, ಮ್ಯಾಲೆ ಇದ್ದಲಿ ಕಟ್ಟಿಗಿ ಕಾಡು, ನಡುವ ಜೇನು. ಈ ಕೃಷಿ ಪದ್ಧತಿಗೆ 2015ರಾಗ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಜಾಗತಿಕ ಕೃಷಿ ಪರಂಪರೆ ಅಂತ ಮನ್ನಣೆ ಕೊಟ್ಟಿತು. 2020ರಾಗ ವಾಕಾಯಾಮಾ ಉಮೆಶುವಿಗೆ ಭೌಗೋಳಿಕ ಗುರುತೂ ಬಂತು. ತೋಟದ ರೈತನಿಂದ ಬಾಟಲಿ ತನಕ ಹೆಸರು ಕಡೀಲಾರದ ಬರತೈತಿ.

ಕಾಕಾ: ಈಗ ನಮ್ಮದು ಕೇಳು. ಹಂಗಾಮು ಸುರು ಆದ್ರ ಈ ಹಾದಿ ತುಂಬ ಕಬ್ಬಿನ ಟ್ರ್ಯಾಕ್ಟರು, ಗಾಡಿ. ಕಬ್ಬು ನುರಿಸಿ, ಸಕ್ಕರಿ ತಗದು, ಕಡೀಕ ಉಳಿಯೋದು ಕಾಕಂಬಿ, ಮರಾಠ್ಯಾಗ ಮಳಿ ಅಂತಾರ. ಒಂದು ಟನ್ ಸಿ-ಹೆವಿ ಕಾಕಂಬಿಯಿಂದ ಸುಮಾರು 225 ಲೀಟರ್ ಅಲ್ಕೋಹಾಲ್ ಬರತೈತಿ. ಸಕ್ಕರಿ ಹೆಚ್ಚು ಉಳದ ಬಿ-ಹೆವಿ ಆದ್ರ ಸುಮಾರು 300. ರೆಕ್ಟಿಫೈಡ್ ಸ್ಪಿರಿಟ್, ಅದನ್ನ ಇನ್ನೂ ಶುದ್ಧ ಮಾಡಿದ್ರ ಇಎನ್ಎ, ನೀರು ಪೂರಾ ತಗದ್ರ ಎಥೆನಾಲ್. ಬರಬರತ ಎಥೆನಾಲ್ ಪಾಲು ಬೆಳೀತು; 2025ರಾಗ ಪೆಟ್ರೋಲಿನ್ಯಾಗ ನೂರಕ್ಕ 20 ಕೂಡಸೋ ಮಟ್ಟಕ್ಕ ದೇಶ ಮುಟ್ಟಿತು. ರೈತನ ಬಿಲ್ಲು ತೀರಸಾಕ ಅದು ಆಧಾರ ಆಗೈತಿ, ಅದನ್ನ ನಾ ಅಲ್ಲಗಳಿಯಂಗಿಲ್ಲ.

ಮಗಳು: ಕುಡಿಯೋ ಪಾಲಿಗೆ ಹೋದದ್ದು?

ಕಾಕಾ: ಇಎನ್ಎಗೆ ನೀರು, ಬಣ್ಣಾ, ವಾಸನಿ. ಒಂದ ಟಾಕಿ ಸ್ಪಿರಿಟ್ಟು ಬ್ಯಾರೆ ಬ್ಯಾರೆ ಬಾಟಲ್ಯಾಗ ವಿಸ್ಕಿ ಆಗತೈತಿ, ಬ್ರಾಂಡಿ ಆಗತೈತಿ, ರಮ್ ಆಗತೈತಿ. ಕಾಕಂಬಿ ಸ್ಪಿರಿಟ್ಟಿನ ವಿಸ್ಕಿಯನ್ನ ಯುರೋಪಿನವರು ವಿಸ್ಕಿ ಅಂತ ಒಪ್ಪಂಗೂ ಇಲ್ಲ. ಕೆಳಗಿನ ಪಾಯರ್ಯಾಗ ದೇಶಿ ದಾರೂ, ಸಂತ್ರಾ ಅಂತ ಮಾರತಾರ. ಕಿತ್ತಳಿ ಹಣ್ಣು ಅದರಾಗ ಒಂದ ದಿನಾನೂ ನೆಂದಿರಂಗಿಲ್ಲ, ಬರೇ ವಾಸನಿ. ನೀ ಹೇಳಿದ ಹೊಂಕಾಕು ನಿಯಮಾ ಇಲ್ಲಿ ಇಟ್ಟ್ರ ಆ ಚೀಟಿ ಒಂದೂ ಉಳಿಯಂಗಿಲ್ಲ. ಕೂಲಿಯವ ದಿನದ ದುಡ್ಡು ಕೊಟ್ಟು ಕೊಳ್ಳೋದು ಅದನ್ನ.

ಮಗಳು: ನೋಡ್ರಿ, ಕಬ್ಬು ನಮ್ಮದು, ಬೆಲ್ಲಾ ನಮ್ಮದು, ಆಜ್ರಾದ ಘನಸಾಳ ಅಕ್ಕಿ ನಮ್ಮದು, ಅದಕ್ಕ 2016ರಾಗ ಭೌಗೋಳಿಕ ಗುರುತೂ ಬಂದೈತಿ. ಅಮಾಮಿಯವರ ಹತ್ತಿರ ಇದ್ದದ್ದೂ ಇಷ್ಟ: ಬೆಲ್ಲಾ, ಅಕ್ಕಿ.

ಕಾಕಾ: ಅಲ್ಲೇ ನಿಂದರು, ತಂಗಿ. ಇಲ್ಲೊಂದು ಬೆಲ್ಲದ ಭಟ್ಟಿ ಹಾಕೋಣು ಅಂತ ನೀ ಹೇಳೋದಾದ್ರ ನಾ ಒಪ್ಪಂಗಿಲ್ಲ. ಸೆರೆ ಕುಡದು ಮನಿ ಮುಳುಗಿದ್ದು ನಾ ಈ ಊರಾಗ, ಆ ಊರಾಗ ಕಂಡೇನಿ. ಸ್ಪಿರಿಟ್ಟಿನ ಕೆಲಸಾ ಮಾಡಿದವನಿಗೆ ಅದರ ಭಾರ ಎದಿ ಮ್ಯಾಲಿಂದ ಇಳಿಯಂಗಿಲ್ಲ. ಮಹಾರಾಷ್ಟ್ರದಾಗ ಹೆಣ್ಣುಮಕ್ಕಳು ಆಡವಿ ಬಾಟಲಿ ಅಂತ ಮತಾ ಹಾಕತಾರ, ಗೊತ್ತೈತಿಲ್ಲ? ಚೀಟಿ ಮ್ಯಾಲೆ ನಿಂತ ಬಾಟಲಿ ಅಂದ್ರ ಅಂಗಡಿ ಇರಲಿ, ಮಲಗಿದ ಬಾಟಲಿ ಅಂದ್ರ ಅಂಗಡಿ ಮುಚ್ಚಲಿ. ಊರಿನ ಮತದಾರ ಹೆಣ್ಣುಮಕ್ಕಳೊಳಗ ಅರ್ಧಕ್ಕಿಂತ ಹೆಚ್ಚು ಮಂದಿ ಮಲಗಿದ ಬಾಟಲಿಗೆ ಮತಾ ಹಾಕಿದ್ರ ಅಂಗಡಿ ಮುಚ್ಚಬೇಕು. ಹಂತಾ ಮತಾ ಹಾಕಾಕ ಮನಿ ಬಿಟ್ಟು ಸಾಲು ನಿಂತ ಹೆಣ್ಣುಮಕ್ಕಳ ಎದುರ ನಿಂತು, ಒಳ್ಳೇ ಮದ್ಯ, ಕೆಟ್ಟ ಮದ್ಯ ಅಂತ ಹೇಳಾಕ ನನಗ ಬಾಯಿ ಬರಂಗಿಲ್ಲ.

ಮಗಳು: ಅವರ ಮಾತಿಗೆ ನಾನೂ ತಲಿ ಬಾಗತೇನ್ರಿ ಕಾಕಾ. 2015ರಾಗ ಮುಂಬೈಯ ಮಾಲವಣಿಯೊಳಗ ಮೆಥನಾಲ್ ಬೆರತ ದಾರೂ ಕುಡದು ನೂರಕ್ಕೂ ಹೆಚ್ಚು ಬಡವರು ಸತ್ರು. ಮನ್ಯಾಗ ಭಟ್ಟಿ ಹಾಕೋದು ಗುನ್ನೆ, ಅದು ಗುನ್ನೇನ ಇರಬೇಕು. ನಾ ಕೇಳತಿರೋದು ಬ್ಯಾರೆ. ಮದ್ಯ ಇದ್ದೇ ಇರತೈತಿ ಅಂದ್ರ, ಕಾನೂನು ಅದರ ಜೋಡಿ ಹೆಂಗ ನಡಕೊಳ್ಳಬೇಕು? ಜಪಾನಿನ ಕಾನೂನು ಕೇಳೋದು: ಇದು ಎಲ್ಲಿದು, ಯಾವ ಬೆಳೀದು, ಎಷ್ಟು ವರ್ಷದ್ದು, ಒಳಗ ಮತ್ತೇನು ಬೆರೆಸೀರಿ? ನಮ್ಮಲ್ಲಿ ಹೆಚ್ಚಾಗಿ ಒಂದ ಪ್ರಶ್ನಿ: ತೆರಿಗಿ ಎಷ್ಟು ಬಂತು? ಮೊದಲಿನ ಪ್ರಶ್ನಿ ಕೇಳೋ ಕಡೆ ಮಂದಿ ಕಡಿಮಿ ಕುಡಿಯೋದು, ತಿಳದು ಕುಡಿಯೋದು ಸಾಧ್ಯ. ಎರಡನೇದಷ್ಟ ಕೇಳೋ ಕಡೆ ಬಡವನ ಬಾಟಲ್ಯಾಗ ಏನೈತಿ ಅಂತ ಯಾರೂ ನೋಡಂಗಿಲ್ಲ.

ಕಾಕಾ: ಹೆಸರು ಹಚ್ಚಿದ್ರ ಸೆರೆ ಅಮೃತ ಆಗಂಗಿಲ್ಲ.

ಮಗಳು: ಆಗಂಗಿಲ್ರಿ. ಅಲ್ಲೂ ಕುಡದು ಹಾಳಾದವರು ಅದಾರ. ಹೆಸರಿನಿಂದ ಬರೋದು ಲೆಕ್ಕ, ಅಷ್ಟ. ಏನರ ಹೆಚ್ಚುಕಡಿಮಿ ಆದ್ರ ಯಾರನ್ನ ಕೇಳಬೇಕು ಅಂತ ಗೊತ್ತಾಗತೈತಿ. ನಮ್ಮ ದೇಶದಾಗೂ ಹಂಗ ನಡಿಯೋರು ಅದಾರ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 1948ರಾಗ ಸುರು ಆದದ್ದು. 2004ರಾಗ ಅವರು ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿನ ಮೊದಲ ಗ್ಲಾಸ್ಗೋದಾಗ ಮಾರಾಟಕ್ಕ ಇಟ್ರು, ವಿಸ್ಕಿ ಹುಟ್ಟಿದ ನಾಡಿನ್ಯಾಗ. ಬೆಂಗಳೂರಿನ ಹವಾದಾಗ ಪೀಪಾಯಿಯಿಂದ ವರ್ಷಕ್ಕ ನೂರಕ್ಕ ಹತ್ತರ ಮ್ಯಾಲೆ ಆವಿ ಆಗಿ ಹೋಗತೈತಿ, ಸ್ಕಾಟ್ಲೆಂಡಿನ್ಯಾಗ ಎರಡು. ಅಷ್ಟು ನಷ್ಟ ನುಂಗಿ, ಜಲ್ದಿ ಪಕ್ವ ಆಗೋದನ್ನ ಲಾಭ ಮಾಡಕೊಂಡ್ರು. ಈಗ ಬೆಲ್ಲದಿಂದ ರಮ್ ಮಾಡಿ, ವರ್ಷಗಟ್ಟಲೆ ಪೀಪಾಯ್ಯಾಗ ಇಟ್ಟು, ಅದಕ್ಕ ಬೆಲ್ಲ ಅಂತನ ಹೆಸರಿಟ್ಟು ಮಾರತಾರ. ಹತ್ತಿರದ ಗೋವಾದಾಗ ಗೇರು ಫೆಣಿಗೆ 2009ರಾಗ ಭೌಗೋಳಿಕ ಗುರುತು ಬಂತು, 2016ರಾಗ ಸರಕಾರ ಅದನ್ನ ಪರಂಪರೆಯ ಪೇಯ ಅಂತ ಕರೀತು.

ಕಾಕಾ: ಆತು. ಆದ್ರ ಈ ಭಾಗದ ರೈತನಿಗೆ ಇದರಿಂದ ಕಲಿಯೋದೇನು? ಅವ ಡಿಸ್ಟಿಲರಿ ಹಾಕವಲ್ಲ, ಜಪಾನಿ ಬಾಟಲಿ ಕೊಳ್ಳವಲ್ಲ.

ಮಗಳು: ಬೆಲ್ಲಾ, ಕಾಕಾ. ಮದ್ಯದ ಗೊಡವಿ ಬ್ಯಾಡ, ಬೆಲ್ಲಾ ಸಾಕು. ಅಮಾಮಿಯ ಕತಿಯೊಳಗ ನಮಗ ಉಪಯೋಗಕ್ಕ ಬರೋದು ಭಟ್ಟಿ ಅಲ್ಲ, ಆ ಬೆಲ್ಲದ ಅಚ್ಚು. ಯಾವ ದ್ವೀಪದ್ದು ಅಂತ ಅದರ ಮ್ಯಾಲೆ ಬರದಿರತೈತಿ. ಒಂದು ದ್ವೀಪದ ಬೆಲ್ಲಾ ಇನ್ನೊಂದು ದ್ವೀಪದ್ದಕ್ಕಿಂತ ಉಪ್ಪಗಿರತೈತಿ, ಕಹಿ ಇರತೈತಿ ಅಂತ ಕೊಳ್ಳೋರು ಮಾತಾಡತಾರ. ಕೊಲ್ಹಾಪುರ ಬೆಲ್ಲಕ್ಕೂ 2014ರಾಗ ಭೌಗೋಳಿಕ ಗುರುತು ಬಂದೈತಿ. ಆದ್ರ ಪೆಂಟಿ ಮ್ಯಾಲೆ ಊರಿನ ಹೆಸರು ಎಲ್ಲೈತಿ?

ಕಾಕಾ: ಇಲ್ಲವಾ. ಕೊಲ್ಹಾಪುರದ ಶಾಹೂ ಮಹಾರಾಜರು 1895ರಾಗ ಶಾಹೂಪುರಿ ಪೇಟೆ ಕಟ್ಟಿಸಿದ್ದು ಬೆಲ್ಲದ ವ್ಯಾಪಾರ ಬೆಳೀಲಿ ಅಂತ. ಆಮ್ಯಾಲೆ ರಾಧಾನಗರಿ ಧರಣಾಕ ಕೈ ಹಾಕಿದ್ರು. ನೀರು ಬಂತು, ಕಬ್ಬು ಬಂತು, ಆಲೆಮನಿ ಬಂದ್ವು. ಗುಜರಾತಿನ ಮಂದಿ ಕೊಲ್ಹಾಪುರ ಬೆಲ್ಲಾ ಅಂದ್ರ ಜೀವಾ ಬಿಡತಿದ್ರು. ಆಮ್ಯಾಲೆ ಕಾರ್ಖಾನೆಗಳು ಬಂದ್ವು, ಕಬ್ಬಿನ ಬಿಲ್ಲು ಗಟ್ಟಿ ಆತು, ಆಲೆಮನಿ ಕಡಿಮಿ ಆದ್ವು. ಉಳದವರ ಮ್ಯಾಲೆ ಪೇಟೆ ಒಂದು ಹಟಾ ಹಿಡೀತು: ಬೆಲ್ಲಾ ಬೆಳ್ಳಗ ಇರಬೇಕು. ಅದಕ್ಕ ಹೈಡ್ರೋಸ್ ಅನ್ನೋ ಬಿಳುಪು ರಾಸಾಯನಿಕ ಹಾಕೋದು ಸುರು ಆತು. ಬೆಲೆ ಇಳಿದಾಗ ಸಕ್ಕರಿ ಕೂಡಸೋದು ಸುರು ಆತು. ಬ್ಯಾರೆ ಕಡೆ ಬೆಲ್ಲಾ ತಂದು ಕೊಲ್ಹಾಪುರಿ ಅಂತ ಮಾರೋದೂ ಸುರು ಆತು. ಬೆಂಡಿ ಗಿಡದ ಲೋಳಿ ಹಾಕಿ ಕೆನಿ ತಗದು, ಪಾಕಾ ಬೆರಳಿನ್ಯಾಗ ಹಿಡದು, ಈಗ ಇಳಿಸು ಅಂತ ಹೇಳೋ ಕೈ ಬೆಲ್ಲಾ ಮಾಡೋ ಗುಳವ್ಯಾಂದು. ಆ ಗುಳವ್ಯಾನ ಹೆಸರು ಯಾವ ಪೆಂಟಿ ಮ್ಯಾಲೂ ಇಲ್ಲ.

ಮಗಳು: ಅಲ್ಲೇ ಐತ್ರಿ ಪೂರಾ ಮಾತು. ನಮ್ಮಲ್ಲಿ ಕಬ್ಬು ಐತಿ, ಕೈ ಐತಿ, ಕಾನೂನಿನ ಗುರುತೂ ಐತಿ. ಇಲ್ಲದ್ದು ಎರಡ. ಒಂದು, ಊರಿನ ಹೆಸರು ಕಡೀತನಕ ಒಯ್ಯೋ ನಿಷ್ಠೆ. ಇನ್ನೊಂದು, ಕಾಯೋ ತಾಳ್ಮಿ. ಕೊಲ್ಹಾಪುರದಾಗ ಕಬ್ಬು ಮತ್ತ ಬೆಲ್ಲದ ಪ್ರಾದೇಶಿಕ ಸಂಶೋಧನಾ ಕೇಂದ್ರ ಐತಿ. ಬೆಲ್ಲಕ್ಕ ಹೊಂದೋ ಕೋ 92005 ಕಬ್ಬು ಈ ಭಾಗದಾಗ ಬೆಳೀತಾರ. ರಾಸಾಯನಿಕ ಇಲ್ದ ಬೆಲ್ಲಾ ಮಾಡೋ ಪದ್ಧತಿ ತಿಳದವರು ಅದಾರ. ಊರು, ಕಬ್ಬಿನ ತಳಿ, ಇಳಿಸಿದ ತಿಂಗಳು, ಏನೇನು ಹಾಕೀವಿ ಅನ್ನೋ ನಾಲ್ಕು ಸಾಲು ಪೆಂಟಿ ಮ್ಯಾಲೆ ಹಚ್ಚಾಕ ಎಷ್ಟ ಖರ್ಚು ಬಂದೀತು?

ಕಾಕಾ: ಖರ್ಚಿಲ್ಲ. ಹೆದರಿಕಿ ಐತಿ. ಬರದ್ರ ಬರದಂಗ ಇರಬೇಕಾಗತೈತಿ.

ಮಗಳು: ಆ ಹೆದರಿಕೀನ ಜಪಾನಿನವರು ಕಾಯದೆ ಮಾಡಿ ಇಟ್ಟಾರ. ಮೂರು ವರ್ಷ ಅಂತ ಬರದವ ಮೂರು ವರ್ಷ ಕಾಯಲೇಬೇಕು. ನಡುವ ರೊಕ್ಕ ಬರಂಗಿಲ್ಲ, ಬಡ್ಡಿ ಏರತೈತಿ, ಆದ್ರೂ ಕಾಯಬೇಕು. ಕಡೀಕ ಬಾಟಲಿ ತುಟ್ಟಿ ಆಗೋದು ಅದಕ್ಕ. ಬಣ್ಣಾ ಕಟ್ಟಿ ಮೂರು ದಿನದಾಗ ಮೂರು ವರ್ಷದ ಥರಾ ಮಾಡಾಕ ಅವರಿಗೂ ಬರತೈತಿ. ಮಾಡಿದ್ರ ಹೆಸರು ಕಳೀತೈತಿ.

ಕಾಕಾ: ನಾನೊಂದು ಹೇಳತೇನಿ, ಇಟಕೋ. ಸಹಕಾರಿ ಕಾರ್ಖಾನೆ ಕಟ್ಟಿದ ಈ ಭಾಗದ ರೈತ ಯಾರಿಗೂ ಕಡಿಮಿ ಅಲ್ಲ. ದೂಧಗಂಗಾ, ವೇದಗಂಗಾ ಎರಡೂ ಗಡಿ ದಾಟಿ, ಕೂಡಿ, ಮುಂದ ಕೃಷ್ಣಾಕ ಸೇರತಾವ. ಗಡಿ ಆಚೆ ಚಿಕ್ಕೋಡಿ, ರಾಯಬಾಗ, ಮುಧೋಳ, ಮಹಾಲಿಂಗಪುರದ ಬೆಲ್ಲದ ರೈತನ ಕಷ್ಟಾನೂ ಇದ. ಮರಾಠಿ ಮಾತಾಡವ, ಕನ್ನಡ ಮಾತಾಡವ ಅಂತ ಬೆಲ್ಲಕ್ಕ ಭೇದ ಇಲ್ಲ. ಒಬ್ಬರ ಹೆಸರಿನ್ಯಾಗ ಇನ್ನೊಬ್ಬರು ಮಾರಬಾರದು, ಅವರವರ ಊರಿನ ಹೆಸರಿನ್ಯಾಗ ಮಾರಬೇಕು. ಮಹಾಲಿಂಗಪುರದ್ದು ಮಹಾಲಿಂಗಪುರದ್ದಂತ ಮಾರಿದ್ರ ಅದಕ್ಕ ಏನ ಕಡಿಮಿ? ನನ್ನ ಕಾಲದಾಗ ನಾವು ಊರಿನ ಗುರುತು ಅಳಸೋ ಕೆಲಸಾ ಮಾಡಿದ್ವಿ. ಇಂಧನಕ್ಕ ಅದ ಸರಿ. ಬಾಯಿಗೆ ಹೋಗೋದಕ್ಕ ಸರಿ ಅಲ್ಲ.

ಮಗಳು: ಹಂಗಾದ್ರ ಜಪಾನಿ ಬಾಟಲಿ ಬಗ್ಗೆ ನಿಮ್ಮ ತೀರ್ಪು?

ಕಾಕಾ: ಕುಡೀರಿ ಅಂತ ನಾ ಯಾರಿಗೂ ಹೇಳಂಗಿಲ್ಲ, ಹೇಳಬಾರದು. ಆದ್ರ ಕಾಯಿ ಬೆಳದವನ ಊರು, ಶೋಚು ಇಳಿಸಿದ ಊರು, ಕಾದ ವರ್ಷ ಇಷ್ಟೂ ಅದರ ಮ್ಯಾಲೆ ಐತಿ ಅಂದ್ರ, ಅದನ್ನ ಮಾಡಿದವರು ಪ್ರಾಮಾಣಿಕರು. ಅವರಿಂದ ಕಲೀಬೇಕಾದದ್ದು ಆ ಪ್ರಾಮಾಣಿಕತನ. ನಮ್ಮ ಕಡೆ ಅದು ಬೆಲ್ಲದಿಂದ ಸುರು ಆಗಲಿ. ಆಲೆಮನಿ ನಡಸೋರು ಪೆಂಟಿ ಮ್ಯಾಲೆ ತಮ್ಮ ಊರು, ತಿಂಗಳು, ಕಬ್ಬು ಬರೀರಿ. ಹೈಡ್ರೋಸ್ ಹಾಕಿದ್ರ ಅದನ್ನೂ ಬರೀರಿ. ಬಜಾರ ಸಮಿತಿಯವರು ಹಂಗ ಬರದ ಬೆಲ್ಲಕ್ಕ ಬ್ಯಾರೆ ಸವಾಲು ಕೂಗ್ರಿ. ಕೊಳ್ಳೋರು ಬಿಳೇ ಬೆಲ್ಲಾ ಕೇಳೋದು ಬಿಡ್ರಿ. ಅಂಗಡ್ಯಾಗ ನಿಂತು, ಇದು ಯಾವ ಊರದು ಅಂತ ಕೇಳ್ರಿ. ಉತ್ತರ ಬರಲಿಲ್ಲಂದ್ರ ಮುಂದಿನ ಅಂಗಡಿಗೆ ಹೋಗ್ರಿ.